ಸಾವೊ ಪಾಲೊಗೆ ಎರಡು ವರ್ಷಕ್ಕೆ ಹೊರಟಿದ್ದೇವೆ, ಇದ್ದವರು ಯಾರಾದರೂ ಸ್ವಲ್ಪ ಹೇಳ್ತೀರಾ?

ಗಂಟುಮೂಟೆ

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ಬ್ರೆಜಿಲ್‌ನ ಸಾವೊ ಪಾಲೊಗೆ ವರ್ಗ ಆಗಿದೆ. ಮಾರ್ಚಿಗೆ ಹೊರಡಬೇಕು. ಅವರು, ನಾನು, ಆರು ವರ್ಷದ ಮಗಳು. ಬ್ರೆಜಿಲ್ ಅಂತ ಹುಡುಕಿದರೆ ರಿಯೊದ ಕಡಲು, ಕಾರ್ನಿವಲ್, ಫುಟ್‌ಬಾಲ್ ಇಷ್ಟೇ ಬರುತ್ತದೆ. ಸಾವೊ ಪಾಲೊ ಅಂತ ಹಾಕಿದರೆ ಬರೀ ಕಟ್ಟಡ. ಇನ್ನೂ ಕೆಳಗೆ ಹೋದರೆ ಇನ್ನೂ ಕಟ್ಟಡ. ನಮ್ಮ ಅತ್ತೆಯವರದ್ದು ಒಂದೇ ಪ್ರಶ್ನೆ: "ಅಷ್ಟು ದೂರ ಹೋಗಿ ಏನು ತಿಂತೀರಿ?" ನಾವು ಮಾಂಸ, ಮೀನು ತಿನ್ನುವುದಿಲ್ಲ. ಊರು ಹೇಗೆ, ಜನ ಹೇಗೆ, ದಿನ ಹೇಗೆ ಕಳೆಯುತ್ತದೆ, ಗೊತ್ತಿದ್ದವರು ಹೇಳಿದರೆ ಉಪಕಾರ ಆಗುತ್ತದೆ.

ವಿಲಾ ಮರಿಯಾನ ವಾಸಿ

ಅಕ್ಕ, ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ. ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಮೋಟಾಗಿ ಒಂದಿಷ್ಟು. 2022ರ ಜನಗಣತಿ ಪ್ರಕಾರ ಊರಿನೊಳಗೇ 1 ಕೋಟಿ 14 ಲಕ್ಷ ಜನ. ಸುತ್ತಲಿನ ಊರುಗಳನ್ನೂ ಸೇರಿಸಿದರೆ 2 ಕೋಟಿ ದಾಟುತ್ತದೆ. ಕಡಲು ಇಲ್ಲ. ಕಡಲಿಗೆ ಹೋಗಬೇಕಂದರೆ ಘಟ್ಟ ಇಳಿದು ಸಾಂತೋಸ್‌ಗೆ ಹೋಗಬೇಕು. ಊರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಹಾಗಾಗಿ ಸಂಜೆ ತಂಪು. ಸಣ್ಣ ಜಿಟಿಜಿಟಿ ಮಳೆಗೆ ಇಲ್ಲಿ 'ಗರೋವ' ಅನ್ನುತ್ತಾರೆ, ಹಳಬರು ಈ ಊರನ್ನೇ ಗರೋವದ ಊರು ಅಂತ ಕರೆಯುತ್ತಾರೆ. ಚಳಿಗಾಲ ಜೂನ್‌ನಿಂದ ಆಗಸ್ಟ್. ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಹೊರಗಿಗಿಂತ ಒಳಗೇ ಜಾಸ್ತಿ ಚಳಿ. ಸ್ವೆಟರ್ ತನ್ನಿ.

ಈಗ ಮುಖ್ಯ ಮಾತು. ಈ ಊರನ್ನು ನೋಡುವ ಜಾಗಗಳ ಪಟ್ಟಿ ಹಿಡಿದು ಸುತ್ತಿದರೆ ಏನೂ ಸಿಗುವುದಿಲ್ಲ. ವಾರ ಹಿಡಿದು ನೋಡಬೇಕು. ಸೋಮವಾರ ಏನು, ಬುಧವಾರ ಏನು, ಭಾನುವಾರ ಏನು ಅಂತ ಗೊತ್ತಾದ ದಿನ ಊರು ಗೊತ್ತಾಯಿತು ಅಂತ ಲೆಕ್ಕ.

ಪೋರ್ಚುಗೀಸ್‌ನಲ್ಲಿ ವಾರದ ಹೆಸರುಗಳೇ ವಿಚಿತ್ರ. ಯಾವುದಕ್ಕೂ ಗ್ರಹಗಳ ಹೆಸರಿಲ್ಲ, ಶನಿವಾರ, ಭಾನುವಾರ ಬಿಟ್ಟರೆ ಉಳಿದವಕ್ಕೆ ನಂಬರು. ಸೋಮವಾರ 'ಸೆಗುಂಡ ಫೇರ', ಅಂದರೆ ಎರಡನೇ ಫೇರ. ಮಂಗಳವಾರ ಮೂರನೆಯದು, ಹೀಗೆ. ಫೇರ ಅಂದರೆ ಈಗಿನ ಮಾತಿನಲ್ಲಿ ಸಂತೆ. ನಿಜವಾಗಿಯೂ ಒಂದೊಂದು ಬಡಾವಣೆಗೆ ಒಂದೊಂದು ದಿನ ರಸ್ತೆ ಬಂದ್ ಮಾಡಿ ಸಂತೆ ಕೂರುತ್ತದೆ. ಎರಡು ಕೋಟಿ ಜನರ ಊರಿನಲ್ಲಿ ವಾರದ ಸಂತೆ! ಬೆಳಗ್ಗೆ ತರಕಾರಿ, ಹಣ್ಣು, ಮೀನು, ಹೂವು. ಮೂಲೆಯಲ್ಲಿ ಎಣ್ಣೆಯಲ್ಲಿ ಕರಿದ ದೊಡ್ಡ 'ಪಾಸ್ತೆಲ್' ಮತ್ತು ಕಬ್ಬಿನ ಹಾಲು. ಮಧ್ಯಾಹ್ನ ಅಂಗಡಿ ಎತ್ತುವ ಹೊತ್ತಿಗೆ ಉಳಿದದ್ದನ್ನು ಅಗ್ಗಕ್ಕೆ ಕೊಡುತ್ತಾರೆ, ಆ ಹೊತ್ತಿಗೆ 'ಶೇಪ' ಅಂತಲೇ ಹೆಸರಿದೆ. ನಮ್ಮ ಮನೆಯ ಹತ್ತಿರದ ಅಜ್ಜಿಯರು ಶೇಪಕ್ಕೇ ಕಾದು ಹೊರಡುತ್ತಾರೆ. ನಾನೂ ಅವರ ಹಿಂದೆ.

ಊಟಕ್ಕೂ ವಾರ ಉಂಟು. ಸಾದಾ ಹೋಟೆಲಿನಲ್ಲಿ ಸೋಮವಾರ 'ವಿರಾಡೊ' ಅಂದರೆ ಹಿಟ್ಟು ಕಲಸಿದ ಕಾಳಿನ ಜೊತೆ ಅನ್ನ, ಹಂದಿಮಾಂಸ, ಬುಧವಾರ ಮತ್ತು ಶನಿವಾರ 'ಫೇಜೊವಾಡ' ಅಂದರೆ ಕಪ್ಪು ಕಾಳಿನ ಜೊತೆ ಹಂದಿಮಾಂಸ ಬೇಯಿಸಿದ್ದು, ಗುರುವಾರ ಪಾಸ್ತಾ, ಶುಕ್ರವಾರ ಮೀನು. ಬೋರ್ಡ್ ನೋಡುವುದೇ ಬೇಡ, ಕ್ಯಾಲೆಂಡರ್ ನೋಡಿದರೆ ಸಾಕು. ನಮ್ಮಲ್ಲಿ "ಇವತ್ತು ವಾರ, ತಿನ್ನಲ್ಲ" ಅನ್ನುತ್ತಾರಲ್ಲ, ಇವರು "ಇವತ್ತು ವಾರ, ತಿನ್ನಲೇಬೇಕು" ಅನ್ನುವವರು.

ಭಾನುವಾರ ರಾತ್ರಿ ಪಿಜ್ಜಾ. ಇದರಲ್ಲಿ ಚರ್ಚೆ ಇಲ್ಲ. ಇಟಲಿಯಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ತುಂಬಿರುವ ಊರು ಇದು. ಚಾಕು, ಫೋರ್ಕಿನಲ್ಲಿ ತಿನ್ನುತ್ತಾರೆ. ನೀವು ಕೆಚಪ್ ಕೇಳಿದರೆ ಪಕ್ಕದ ಟೇಬಲಿನವರು ತಿರುಗಿ ನೋಡುತ್ತಾರೆ, ಅನುಭವದ ಮೇಲೆ ಹೇಳುತ್ತಿದ್ದೇನೆ.

ಭಾನುವಾರ ಹಗಲು ಪಾವುಲಿಸ್ತ ಅವೆನ್ಯೂಗೆ ಕಾರು ಬಿಡುವುದಿಲ್ಲ. 1891ರಲ್ಲಿ ತೆರೆದ ರಸ್ತೆ. ಒಂದು ಕಾಲಕ್ಕೆ ಕಾಫಿ ದೊರೆಗಳ ಬಂಗಲೆಗಳು, ಆಮೇಲೆ ಬ್ಯಾಂಕುಗಳು. ಈಗ ಭಾನುವಾರ ಅಷ್ಟುದ್ದ ರಸ್ತೆಯಲ್ಲಿ ಮಕ್ಕಳ ಸೈಕಲ್ಲು, ಹತ್ತು ಹೆಜ್ಜೆಗೊಂದು ಹಾಡುವವರ ಗುಂಪು, ನಾಯಿಗಳು, ಚದುರಂಗ ಆಡುವ ಮುದುಕರು. ನಡುವೆ ಮಾಸ್ಪ್ ಅನ್ನುವ ಕಲಾ ಮ್ಯೂಸಿಯಂ. ಲೀನಾ ಬೊ ಬಾರ್ದಿ ಅನ್ನುವ ಹೆಂಗಸು ವಿನ್ಯಾಸ ಮಾಡಿದ ಕಟ್ಟಡ, 1968ರಲ್ಲಿ ತೆರೆದದ್ದು. ಕೆಂಪು ಕಂಬಗಳ ಮೇಲೆ ಇಡೀ ಕಟ್ಟಡ ನಿಂತಿದೆ, ಕೆಳಗೆ 74 ಮೀಟರ್ ಉದ್ದಕ್ಕೂ ಒಂದೂ ಕಂಬ ಇಲ್ಲ, ಖಾಲಿ. ಆ ಖಾಲಿ ಜಾಗದಲ್ಲಿ ಮೆರವಣಿಗೆ, ಪ್ರತಿಭಟನೆ, ಹಳೇ ಸಾಮಾನಿನ ಅಂಗಡಿ ಎಲ್ಲ ನಡೆದಿವೆ. ಒಳಗೆ ಚಿತ್ರಗಳನ್ನು ಗೋಡೆಗೆ ತೂಗು ಹಾಕಿಲ್ಲ, ಗಾಜಿನ ಹಲಗೆಗಳ ಮೇಲೆ ನಿಲ್ಲಿಸಿದ್ದಾರೆ, ಹಿಂದೆ ಹೋಗಿಯೂ ನೋಡಬಹುದು. ಮಂಗಳವಾರ ಟಿಕೆಟ್ ಇಲ್ಲ. ನೋಡಿ, ಅದಕ್ಕೂ ಒಂದು ವಾರ.

ಜಯನಗರದ ಜೋಳಿಗೆ

ನಾನು ನಾಲ್ಕು ದಿನ ಇದ್ದೆ, ಕೆಲಸದ ಮೇಲೆ. ಸತ್ಯ ಹೇಳುತ್ತೇನೆ, ಹಿಡಿಸಲಿಲ್ಲ. ವಿಮಾನ ನಿಲ್ದಾಣದಿಂದ ಬರುವಾಗ ಪಕ್ಕದಲ್ಲಿ ಒಂದು ನದಿ, ಮೂಗು ಮುಚ್ಚಿಕೊಳ್ಳಬೇಕು. ಎಲ್ಲಿ ನೋಡಿದರೂ ಬೂದು ಸಿಮೆಂಟು. ಗೋಡೆಗಳ ಮೇಲೆ ಕಡ್ಡಿ ಕಡ್ಡಿ ಅಕ್ಷರದಲ್ಲಿ ಕಪ್ಪು ಗೀಚು, ಹತ್ತನೇ ಮಹಡಿಯ ಗೋಡೆಗೂ ಗೀಚಿದ್ದಾರೆ, ಹೇಗೆ ಹತ್ತಿದರೋ. ಟ್ರಾಫಿಕ್ ಬೆಂಗಳೂರಿನದೇ ಅಣ್ಣ. ಎರಡು ವರ್ಷ ಅಂದರೆ ನಾನಾದರೆ ರಿಯೊಗೆ ವರ್ಗ ಕೇಳುತ್ತಿದ್ದೆ.

ವಿಲಾ ಮರಿಯಾನ ವಾಸಿ

ನಾಲ್ಕು ದಿನದಲ್ಲಿ ನನಗೂ ಹಿಡಿಸಿರಲಿಲ್ಲ ಬಿಡಿ. ವಾರ ಪೂರ್ತಿ ಆಗಬೇಕು ಅಂದಿದ್ದು ಅದಕ್ಕೇ :)

ಗೀಚಿಗೆ 'ಪಿಶಸಾವ್' ಅನ್ನುತ್ತಾರೆ. ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು, ಕಿಟಕಿ ಹಿಡಿದು ಹತ್ತಿ ಬರೆಯುತ್ತಾರೆ. ಊರಿನ ಹೆಚ್ಚಿನವರಿಗೆ ಅದು ಕಂಡರೆ ಆಗುವುದಿಲ್ಲ, ಬಣ್ಣದ ಗೋಡೆಚಿತ್ರ ಮಾತ್ರ ಇಷ್ಟ. ಆದರೆ ಒಂದು ಗಮನಿಸಿದಿರಾ? ಜಾಹೀರಾತು ಹೋರ್ಡಿಂಗ್ ಒಂದೂ ಇರಲಿಲ್ಲ ಅಲ್ವಾ? 2007ರಿಂದ ಹೊರಗಿನ ಜಾಹೀರಾತು ಫಲಕಗಳಿಗೆ ನಿಷೇಧ. ಅಂಗಡಿಯ ಬೋರ್ಡಿಗೂ ಅಳತೆ ಕಟ್ಟಿದ್ದಾರೆ. ಬಸ್ ನಿಲ್ದಾಣದಂಥ ಕಡೆ ಸ್ವಲ್ಪ ಬಿಟ್ಟಿದ್ದಾರೆ, ಅಷ್ಟೇ. ಫಲಕ ತೆಗೆದ ಮೇಲೆ ಬೋಳು ಗೋಡೆ ಉಳಿದವು, ಎಷ್ಟೋ ಕಡೆ ಚಿತ್ರಕಾರರು ಬಂದರು.

ಟ್ರಾಫಿಕ್ ನಿಜ. ಅದಕ್ಕೂ ವಾರ ಇದೆ. ನಂಬರ್ ಪ್ಲೇಟಿನ ಕೊನೆಯ ಅಂಕಿ 1, 2 ಆದರೆ ಸೋಮವಾರ, 3, 4 ಆದರೆ ಮಂಗಳವಾರ, ಹೀಗೆ ಶುಕ್ರವಾರದ 9, 0ವರೆಗೆ. ಆ ದಿನ ಬೆಳಗ್ಗೆ 7ರಿಂದ 10, ಸಂಜೆ 5ರಿಂದ 8 ಆ ಕಾರು ಊರ ನಡುವಿನ ವಲಯಕ್ಕೆ ಬರುವಂತಿಲ್ಲ. 1997ರಿಂದ ಇದೆ. ಇದಕ್ಕೆ 'ರೊಡೀಜಿಯೊ' ಅಂತ ಹೆಸರು. ತಟ್ಟೆಗೆ ಬಡಿಸುತ್ತಲೇ ಇರುವ ಹೋಟೆಲಿಗೂ ರೊಡೀಜಿಯೊ ಅಂತಲೇ ಹೆಸರು, ಮೊದಲ ತಿಂಗಳು ನನಗೆ ಭಾರೀ ಗೊಂದಲ ಆಗಿತ್ತು. ಮೆಟ್ರೊ 1974ರಿಂದ ಓಡುತ್ತಿದೆ, ಚೆನ್ನಾಗಿದೆ. ಮನೆ ಹುಡುಕುವಾಗ ಮೆಟ್ರೊ ಹತ್ತಿರ ಇರಲಿ, ಬೇರೆ ಏನೂ ನೋಡದಿದ್ದರೂ ನಡೆಯುತ್ತದೆ.

ಹರಟೆಮಲ್ಲ

ಫ್ಲೆಕ್ಸ್ ಇಲ್ಲದ ಊರಾ? ಹಾಗಾದರೆ ಅಲ್ಲಿ ಕಾರ್ಪೊರೇಟರ್‌ಗಳ ಹುಟ್ಟುಹಬ್ಬ ಜನಕ್ಕೆ ಗೊತ್ತಾಗುವುದು ಹೇಗೆ ಗುರು?

ತುಂಗಾತೀರ

ಜಯನಗರದವರು ಮೂಗು ಮುಚ್ಚಿಕೊಂಡ ನದಿಯ ಬಗ್ಗೆ ಎರಡು ಮಾತು. ಅದು ಚಿಯೆತೆ. ನೀರಾವರಿ ಇಲಾಖೆಯಲ್ಲಿ ಇದ್ದವನಾದ್ದರಿಂದ ನದಿ ಅಂದರೆ ಓದುವ ಚಟ ನನಗೆ. ಈ ನದಿ ಹುಟ್ಟುವುದು ಕಡಲಿನಿಂದ ಸುಮಾರು 22 ಕಿಲೋಮೀಟರ್ ದೂರದ ಘಟ್ಟದಲ್ಲಿ. ಆದರೆ ಕಡಲಿಗೆ ಬೆನ್ನು ಹಾಕಿ ಒಳನಾಡಿನ ಕಡೆ ಹರಿಯುತ್ತದೆ, ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಹರಿದು ಪರಾನಾ ನದಿ ಸೇರುತ್ತದೆ. ನಮ್ಮ ತುಂಗೆ, ಕಾವೇರಿ ಪಡುವಣ ಕಡಲ ಪಕ್ಕದಲ್ಲೇ ಹುಟ್ಟಿ ಮೂಡಣಕ್ಕೆ ಹೋಗುವ ಹಾಗೆ, ಅಲ್ಲಿ ತಿರುಗುಮುರುಗು.

ಒಂದು ಕಾಲದಲ್ಲಿ ಅದರಲ್ಲಿ ಈಜುತ್ತಿದ್ದರು, ದೋಣಿ ಪಂದ್ಯ ನಡೆಯುತ್ತಿತ್ತು. ಆಮೇಲೆ ಅಂಕುಡೊಂಕನ್ನೆಲ್ಲ ನೆಟ್ಟಗೆ ಮಾಡಿ ಎರಡೂ ದಡಕ್ಕೆ ಹೆದ್ದಾರಿ ಹಾಕಿದರು. ನೀರು ಹರಡುತ್ತಿದ್ದ ಜಾಗದಲ್ಲಿ ರಸ್ತೆ ಬಂದ ಮೇಲೆ ಮಳೆ ಬಂದರೆ ರಸ್ತೆಯೇ ನದಿ. ಊರೊಳಗಿನ ಹಳ್ಳಗಳ ಕಥೆ ಇನ್ನೂ ಕೆಟ್ಟದ್ದು. ಅನ್ಯಂಗಬಾವು, ಸರಕೂರ, ಇತೊರೊರೊ, ಎಲ್ಲವನ್ನೂ ಕೊಳವೆಗೆ ತುಂಬಿ ಮೇಲೆ ರಸ್ತೆ ಮಾಡಿದ್ದಾರೆ. ಹೆಸರುಗಳು ಮಾತ್ರ ಮೂಲ ನಿವಾಸಿಗಳ ಟುಪಿ ಭಾಷೆಯವು ಉಳಿದುಕೊಂಡಿವೆ. ಇಪಿರಂಗ ಅನ್ನುವ ಹಳ್ಳದ ದಂಡೆಯಲ್ಲಿ 1822ರ ಸೆಪ್ಟೆಂಬರ್ 7ರಂದು ರಾಜಕುಮಾರ ಪೆದ್ರೊ ಬ್ರೆಜಿಲ್ ಸ್ವತಂತ್ರ ಅಂತ ಘೋಷಿಸಿದ. ಅವರ ರಾಷ್ಟ್ರಗೀತೆಯ ಮೊದಲ ಸಾಲಿನಲ್ಲೇ ಆ ಹಳ್ಳದ ಹೆಸರಿದೆ.

ಇಷ್ಟೆಲ್ಲ ನೀರನ್ನು ಹೂತ ಊರಿಗೆ 2014-15ರಲ್ಲಿ ಕುಡಿಯಲು ನೀರಿಲ್ಲದ ಹಾಗಾಯಿತು. ಕಾಂತರೇರ ಜಲಾಶಯಗಳು ಬತ್ತಿ, ತೂಬಿನ ಕೆಳಗೆ ಉಳಿದ ತಳದ ನೀರನ್ನು ಪಂಪ್ ಹಾಕಿ ಎತ್ತಿದರು. ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಕಟ್ಟಿದ ಬೆಂಗಳೂರಿನವರು ನಾವು, ಮೂಗು ಮುಚ್ಚಿಕೊಳ್ಳುವ ಮುಂಚೆ ಸ್ವಲ್ಪ ಯೋಚಿಸೋಣ.

ಕಡಲಕರೆ

ಭಾಷೆಗೆ ಹೆದರಬೇಡಿ ಅಕ್ಕ. ಸ್ಪ್ಯಾನಿಷ್ ಕಲಿತು ಹೋಗಬೇಡಿ ಮಾತ್ರ, ಅಲ್ಲಿಯದು ಪೋರ್ಚುಗೀಸ್. ನಿಮಗೆ ಆಗಲೇ ಒಂದಿಷ್ಟು ಬರುತ್ತದೆ. ಬೀಗದ ಕೈಗೆ ಅವರು 'ಚಾವಿ' ಅನ್ನುತ್ತಾರೆ (ಅವರ ಬಾಯಲ್ಲಿ 'ಶಾವಿ'). ಬಕೆಟ್ಟಿಗೆ 'ಬಾಲ್ದಿ'. ಆಲೂಗಡ್ಡೆಗೆ 'ಬಟಾಟ', ನಮ್ಮ ಮಂಗಳೂರು ಕಡೆಯ ಬಟಾಟೆ. ದುಡ್ಡು ಕೊಡುವುದಕ್ಕೆ 'ಪಗಾರ್', ಅದೇ ನಮ್ಮ ಪಗಾರ. ಪಾದ್ರಿ ಅಂತೂ ಹೇಳುವುದೇ ಬೇಡ. ನಾವು ಕೊಂಕಣಿ ಮಾತಾಡುವವರು ಕಿಟಕಿಗೆ 'ಜನೆಲ್' ಅನ್ನುತ್ತೇವೆ, ಅವರದ್ದು 'ಜನೆಲ'.

ಗೇರು ಮರ ನಮ್ಮೂರಿಗೆ ಬಂದದ್ದೇ ಬ್ರೆಜಿಲ್‌ನಿಂದ, ಪೋರ್ಚುಗೀಸರ ಹಡಗಿನಲ್ಲಿ. ನಾವು ಬೀಜ ಇಟ್ಟುಕೊಂಡು ಹಣ್ಣು ಬಿಸಾಡುತ್ತೇವೆ, ಅವರು ಹಣ್ಣಿನ ಜ್ಯೂಸ್ ಕುಡಿಯುತ್ತಾರೆ. ಬದಲಿಗೆ ಹಲಸು ಇಲ್ಲಿಂದ ಅಲ್ಲಿಗೆ ಹೋಯಿತು. ಮಲಯಾಳದ 'ಚಕ್ಕ' ಅಲ್ಲಿ 'ಜಾಕ' ಆಗಿದೆ. ನನ್ನ ಅಣ್ಣನ ಮಗ ಅಲ್ಲಿ ಇದ್ದಾಗ ಸಂತೆಯಲ್ಲಿ ಹಲಸಿನ ಹಣ್ಣಿನ ತೊಳೆ ಕಂಡು ಅಲ್ಲಿಂದಲೇ ಮನೆಗೆ ವಿಡಿಯೊ ಕಾಲ್ ಮಾಡಿದ್ದ. ಆಗ ನಮಗೆ ರಾತ್ರಿ ಒಂಬತ್ತು. ಅವರು ನಮಗಿಂತ ಎಂಟೂವರೆ ಗಂಟೆ ಹಿಂದೆ.

ಹುಬ್ಬಳ್ಳಿ ಹುಡುಗ

ನಾನು ಅಲ್ಲಿ ಯೂನಿವರ್ಸಿಟಿಯಲ್ಲಿ ಮೂರು ವರ್ಷ ಇದ್ದೆ. ಎಲ್ಲರೂ ಪಿಜ್ಜಾ ಪಿಜ್ಜಾ ಅಂತೀರಿ, ಒಂದು ಎಚ್ಚರಿಕೆ ಹೇಳಲೇಬೇಕು ರೀ. ರಸ್ತೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಪಾವುಲಿಸ್ತದಲ್ಲಿ ಮೆಟ್ರೊ ಮೆಟ್ಟಿಲ ಹತ್ತಿರ ಮ್ಯಾಪ್ ನೋಡುತ್ತಾ ನಿಂತಿದ್ದೆ. ಸೈಕಲ್ ಮೇಲೆ ಬಂದವನು ಹೂವು ಕಿತ್ತ ಹಾಗೆ ಕಿತ್ತುಕೊಂಡು ಹೋದ. ಪಕ್ಕದಲ್ಲಿದ್ದ ಪಾಪ್‌ಕಾರ್ನ್ ಮಾರುವ ಅಜ್ಜ ನನಗೇ ಬೈದ, ಗೊತ್ತಾಗಲ್ಲವಾ ನಿನಗೆ ಅಂತ. ಆಮೇಲೆ ಅವನೇ ನೀರು ಕೊಟ್ಟು ಕೂರಿಸಿ, ತನ್ನ ಫೋನಿನಲ್ಲಿ ನನ್ನ ರೂಮ್‌ಮೇಟ್‌ಗೆ ಫೋನ್ ಮಾಡಿಸಿದ. ಊರು ಅಂದರೆ ನನಗೆ ಈಗಲೂ ಆ ಅಜ್ಜನೇ. ಬೈಯುತ್ತದೆ, ಕೂರಿಸಿಕೊಳ್ಳುತ್ತದೆ.

ಫೋನ್ ಯಾಕೆ ಮುಖ್ಯ ಅಂದರೆ ದುಡ್ಡೆಲ್ಲ ಅದರಲ್ಲೇ. ನಮ್ಮ ಯುಪಿಐ ಇದ್ದ ಹಾಗೆ ಅವರಿಗೆ 'ಪಿಕ್ಸ್', 2020ರಲ್ಲಿ ಬಂತು. ಸಂತೆಯ ಎಳನೀರಿನವನಿಗೂ ಪಿಕ್ಸ್. ಹೋದ ತಕ್ಷಣ ಸಿಪಿಎಫ್ ಅನ್ನುವ ತೆರಿಗೆ ನಂಬರ್ ಮಾಡಿಸಿಕೊಳ್ಳಿ. ಮನೆ, ಬ್ಯಾಂಕ್, ಸಿಮ್, ಎಲ್ಲದಕ್ಕೂ ಅದೇ. ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೊಂಡರೂ ಸಿಪಿಎಫ್ ಕೇಳುತ್ತಾರೆ.

ಮತ್ತೆ, ಲಿಬರ್ದಾಜಿ ಬಡಾವಣೆಗೆ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಜಪಾನಿನವರ ಬಡಾವಣೆ, ಕೆಂಪು ದೀಪದ ಕಂಬಗಳು, ಶನಿವಾರ ಭಾನುವಾರ ಜಾತ್ರೆ ಥರ ಜನ. 1908ರಲ್ಲಿ ಕಸಾತೊ ಮಾರು ಅನ್ನುವ ಹಡಗಿನಲ್ಲಿ 781 ಜನ ಜಪಾನಿನಿಂದ ಸಾಂತೋಸ್‌ಗೆ ಬಂದಿಳಿದರು, ಕಾಫಿ ತೋಟದ ಕೆಲಸಕ್ಕೆ. ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರುವ ದೇಶ ಈಗ ಬ್ರೆಜಿಲ್ಲೇ. ಆದರೆ ಅದೇ ಜಾಗದಲ್ಲಿ ಅದಕ್ಕೂ ಮುಂಚೆ ನೇಣುಗಂಬ ಇತ್ತು, ಗುಲಾಮರನ್ನು ಹೂಳುವ ಸ್ಮಶಾನ ಇತ್ತು. ಒಂದು ಗಲ್ಲಿಯ ಕೊನೆಯಲ್ಲಿ 'ನೊಂದವರ ಚಾಪೆಲ್' ಅಂತ ಪುಟ್ಟ ಗುಡಿ ಇನ್ನೂ ಉಳಿದಿದೆ. 2018ರಲ್ಲಿ ಮೆಟ್ರೊ ಸ್ಟೇಷನ್ನಿನ ಹೆಸರನ್ನು 'ಜಪಾನ್-ಲಿಬರ್ದಾಜಿ' ಮಾಡಿದಾಗ ಕಪ್ಪು ಜನರ ಸಂಘಟನೆಗಳು ಸಿಟ್ಟಾದವು. ನ್ಯಾಯವೇ ಅಲ್ವೇ? ರಾಮೆನ್ ತಿಂದು ಬರುವಾಗ ಆ ಗಲ್ಲಿಗೂ ಒಂದು ಸಲ ಹೋಗಿ ಬನ್ನಿ.

ಕಾಫಿತೋಟ

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ. ನಮ್ಮಪ್ಪ ಜುಲೈ ಬಂದರೆ ಕೇಳುವ ಮೊದಲ ಪ್ರಶ್ನೆ, "ಬ್ರೆಜಿಲ್‌ನಲ್ಲಿ ಹಿಮ ಬಿತ್ತೇನೋ?" ಅಲ್ಲಿ ಗಿಡ ಕರಕಲಾದರೆ ಇಲ್ಲಿ ರೇಟು ಏರುತ್ತದೆ. 1975ರ ಹಿಮದ ಕಥೆ ಅವರಿಗೆ ಬಾಯಿಪಾಠ, 2021ರಲ್ಲೂ ಬಿತ್ತು. ಯಾರದೋ ಕೆಡುಕಿಗೆ ಕಾಯುವುದು ಒಳ್ಳೆಯದಲ್ಲ ಅಂತ ಅಮ್ಮ ಗದರುತ್ತಾರೆ. ಸಾವೊ ಪಾಲೊದಲ್ಲಿ ಈಗಲೂ ಕಾಫಿ ತೋಟ ಇದೆಯಾ? ಕಾಫಿ ಹೇಗಿರುತ್ತದೆ?

ವಿಲಾ ಮರಿಯಾನ ವಾಸಿ

ರಾಜ್ಯದಲ್ಲಿ ಇವೆ, ಊರಿನೊಳಗೆ ಇಲ್ಲ. ಆದರೆ ಊರು ಕಟ್ಟಿದ್ದೇ ಕಾಫಿ. 1554ರಲ್ಲಿ ಪಾದ್ರಿಗಳು ಒಂದು ದಿಬ್ಬದ ಮೇಲೆ ಶಾಲೆ ಕಟ್ಟಿ ಶುರು ಮಾಡಿದ ಊರು ಮುನ್ನೂರು ವರ್ಷ ಸಣ್ಣದಾಗೇ ಇತ್ತು. 1867ರಲ್ಲಿ ಇಂಗ್ಲಿಷರ ಕಂಪನಿ ಸಾಂತೋಸ್ ಬಂದರಿನಿಂದ ಘಟ್ಟ ಹತ್ತಿಸಿ ರೈಲು ತಂದಿತು. ಕಡಿದಾದ ಜಾಗದಲ್ಲಿ ಗಾಡಿಗಳನ್ನು ಉಕ್ಕಿನ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಘಟ್ಟದ ತಲೆಯ ಮೇಲೆ ಪರಾನಪಿಯಕಾಬ ಅನ್ನುವ ರೈಲ್ವೆಯವರ ಹಳ್ಳಿ ಹಾಗೇ ಇದೆ, ಮಂಜು, ಮಳೆ, ಮರದ ಮನೆಗಳು. ನಿಮ್ಮ ಅಪ್ಪನನ್ನು ಅಲ್ಲಿ ನಿಲ್ಲಿಸಿದರೆ ಸಕಲೇಶಪುರ ಅಂದುಕೊಳ್ಳುತ್ತಾರೆ.

ಗುಲಾಮಗಿರಿ ಹೋದದ್ದು 1888ರಲ್ಲಿ. ದುಡಿದವರಿಗೆ ಜಾಗ, ಕೂಲಿ ಕೊಡುವ ಬದಲು ತೋಟದವರು, ಸರ್ಕಾರ ಸೇರಿ ಯುರೋಪಿನಿಂದ ಆಳು ತರಿಸಿದರು, ಹಡಗಿನ ಚಾರ್ಜು ಕೊಟ್ಟು. ಇಟಲಿಯವರು, ಸ್ಪೇನಿನವರು, ಆಮೇಲೆ ಜಪಾನಿನವರು. ಬಂದವರನ್ನು ಮೊದಲು ಇಳಿಸಿಕೊಳ್ಳುತ್ತಿದ್ದ ಛತ್ರ ಬ್ರಾಸ್ ಬಡಾವಣೆಯಲ್ಲಿ ಈಗ ಮ್ಯೂಸಿಯಂ ಆಗಿದೆ. ಸಿರಿಯ, ಲೆಬನಾನ್‌ನವರು ವ್ಯಾಪಾರಕ್ಕೆ ಬಂದರು. ಆಮೇಲೆ ಬ್ರೆಜಿಲ್‌ನದೇ ಈಶಾನ್ಯದ ಬರಗಾಲದ ಸೀಮೆಯಿಂದ ಲಕ್ಷಗಟ್ಟಲೆ ಜನ ಬಂದರು. ಈ ಕಟ್ಟಡಗಳನ್ನು ಕಟ್ಟಿದ ಕೈ ಬಹುಪಾಲು ಅವರದ್ದು. ಅವರನ್ನು ಹೀಗಳೆಯುವ ಮಾತು ಮಾತ್ರ ಇನ್ನೂ ಹೋಗಿಲ್ಲ. ಈಗ ಬೊಲಿವಿಯದವರು ಹೊಲಿಗೆ ಕಾರ್ಖಾನೆಗಳಲ್ಲಿ.

ಕಾಫಿ ವಿಷಯ ಕೇಳಬೇಡಿ, ಬೇಜಾರು. ಒಳ್ಳೆಯ ಬೀಜ ಬಹಳ ಕಾಲ ರಫ್ತಿಗೇ ಹೋಗುತ್ತಿತ್ತು. ಹಳೇ ಕ್ರಮದಲ್ಲಿ ಬಟ್ಟೆಯಲ್ಲಿ ಸೋಸಿ, ಸಕ್ಕರೆ ಸುರಿದು, ಚಿಕ್ಕ ಕಪ್ಪಿನಲ್ಲಿ ಕೊಡುತ್ತಾರೆ, ಹಾಲಿಲ್ಲ. ಬೇಕರಿಯಲ್ಲಿ 'ಪಿಂಗಾಡೊ' ಅಂತ ಕೇಳಿದರೆ ಗಾಜಿನ ಲೋಟದಲ್ಲಿ ಬಿಸಿ ಹಾಲಿಗೆ ಕಾಫಿ ಹಾಕಿ ಕೊಡುತ್ತಾರೆ, ಜೊತೆಗೆ ಕಾವಲಿ ಮೇಲೆ ಬೆಣ್ಣೆ ಹಾಕಿ ಒತ್ತಿದ ಬ್ರೆಡ್ಡು. ಕೌಂಟರಿನಲ್ಲಿ ನಿಂತು ಅದನ್ನು ತಿನ್ನುವಾಗ ಮಾತ್ರ ನನಗೆ ನಮ್ಮ ದರ್ಶಿನಿ ನೆನಪಾಗುತ್ತದೆ.

ಗಂಟುಮೂಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ನಂಬರಿನ ವಾರ ಬಹಳ ಇಷ್ಟ ಆಗಿದೆ, ಬೆಳಗ್ಗೆಯಿಂದ "ಇವತ್ತು ಐದನೇ ಸಂತೆ" ಅಂತಿದ್ದಾಳೆ. ಈಗ ನನ್ನ ಚಿಂತೆ ಎರಡೇ. ಒಂದು, ಮಾಂಸ ಇಲ್ಲದೆ ನಿಜವಾಗಿ ಬದುಕಬಹುದಾ? ಎರಡು, ಮಿಕ್ಸಿ ತರಬೇಕಾ ಬೇಡವಾ?

ವಿಲಾ ಮರಿಯಾನ ವಾಸಿ

ಬದುಕಬಹುದು ಅಕ್ಕ. ಇವರ ಮನೆಯ ನಿತ್ಯದ ಊಟ ಅನ್ನ ಮತ್ತು ಕಾಳು, ಎಲ್ಲರ ಮನೆಯಲ್ಲೂ ಕುಕ್ಕರ್ ಇದೆ. ಆದರೆ ಇಲ್ಲಿಯ ಕುಕ್ಕರ್ ನಮ್ಮದರ ಹಾಗೆ ಕೂಗುವುದಿಲ್ಲ, ಸುಮ್ನೆ ಸುಸ್ ಅಂತ ಉಸಿರು ಬಿಡುತ್ತಲೇ ಇರುತ್ತದೆ. ಎಷ್ಟು ಕೂಗು ಅಂತ ಎಣಿಸುವ ಹಾಗಿಲ್ಲ. ಹೋಟೆಲಿನಲ್ಲಿ ಕಾಳಿಗೆ ಹಂದಿಕೊಬ್ಬು ಹಾಕಿರಬಹುದು, ಕೇಳಿಯೇ ತಿನ್ನಿ. 'ಸೆಂ ಕಾರ್ನೆ', ಮಾಂಸ ಬೇಡ ಅಂದರೆ ಕೋಳಿ ತರುತ್ತಾರೆ, ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನದ್ದು. ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಬೇಕು. ಮಧ್ಯಾಹ್ನಕ್ಕೆ ತೂಕದ ಹೋಟೆಲುಗಳು ನಮ್ಮಂಥವರಿಗೆ ವರ. ಬೇಕಾದದ್ದನ್ನು ತಟ್ಟೆಗೆ ಹಾಕಿಕೊಂಡು ತಕ್ಕಡಿ ಮೇಲೆ ಇಟ್ಟರೆ ಗ್ರಾಂ ಲೆಕ್ಕದಲ್ಲಿ ಬಿಲ್ಲು. ಅನ್ನ, ಪಲ್ಯ, ಸೊಪ್ಪು, ಬಾಳೆಹಣ್ಣು ಎಲ್ಲ ಸಿಗುತ್ತದೆ. ಬೇಳೆ, ಮೆಣಸು, ಜೀರಿಗೆಗೆ ದೊಡ್ಡ ಮಾರ್ಕೆಟ್ ಪಕ್ಕದ ಧಾನ್ಯದ ಮಂಡಿಗೆ ಹೋಗಿ. ತೊಗರಿಗೆ 'ಗ್ವಾಂದು' ಅಂತ ಕೇಳಿ. ಹುಣಸೆ ಇದೆ, ಕೊತ್ತಂಬರಿ ಧಾರಾಳ.

ಮಿಕ್ಸಿ ತನ್ನಿ, ಆದರೆ ನೇರ ಹಾಕಬೇಡಿ. ಇಲ್ಲಿ ಗೋಡೆಯ ಪ್ಲಗ್ಗಿನಲ್ಲಿ 127 ವೋಲ್ಟ್, ನಮ್ಮ ಮಿಕ್ಸಿ ಮುಲುಗುತ್ತದೆ ಅಷ್ಟೇ. ಬಚ್ಚಲಿನ ಶವರಿಗೆ ಎಷ್ಟೋ ಮನೆಗಳಲ್ಲಿ 220ರ ಲೈನು ಇರುತ್ತದೆ. ಶವರಿನ ತಲೆಯಲ್ಲೇ ಕರೆಂಟಿನ ಹೀಟರ್, ಮೊದಲ ದಿನ ನೋಡಿ ಹೆದರಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಅಡುಗೆಮನೆಗೆ ಒಂದು 220ರ ಪಾಯಿಂಟ್ ಹಾಕಿಸಿಕೊಳ್ಳಿ. ನಾನು ಹಾಗೇ ಮಾಡಿದ್ದು. ಆರು ವರ್ಷದಿಂದ ದೋಸೆ ಹಿಟ್ಟು ಅದರಲ್ಲೇ.

ಗಂಟುಮೂಟೆ

ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಏಕಾದಶಿಗೆ ಏನು ಮಾಡ್ತೀರಿ?" ಅಂದರು.

ವಿಲಾ ಮರಿಯಾನ ವಾಸಿ

ಅಮ್ಮನವರಿಗೆ ಹೇಳಿ, ಅವರು ಉಪವಾಸಕ್ಕೆ ತಿನ್ನುವ ಸಾಬಕ್ಕಿ ಆಗುವುದು ಮರಗೆಣಸಿನಿಂದ, ಮರಗೆಣಸಿನ ತವರು ಬ್ರೆಜಿಲ್. ಇಲ್ಲಿ ಅದರ ಹಿಟ್ಟನ್ನು ಬಿಸಿ ಕಾವಲಿಗೆ ಉದುರಿಸಿದರೆ ತಾನೇ ಅಂಟಿಕೊಂಡು ದೋಸೆ ಆಗುತ್ತದೆ, ಒಳಗೆ ಕಾಯಿತುರಿ ಹಾಕಿ ಮಡಚುತ್ತಾರೆ. 'ತಾಪಿಯೋಕ' ಅಂತ ಕೇಳಿ. ನಮ್ಮ ಬೀದಿಯಲ್ಲಿ ಗುರುವಾರದ ಸಂತೆಗೆ ಒಬ್ಬಾಕೆ ಬರುತ್ತಾರೆ. ಬೆಣ್ಣೆ ಬೇಡ ಅಂತ ಮೊದಲೇ ಹೇಳಬೇಕು, ಇಲ್ಲಾಂದ್ರೆ ಕೇಳದೆ ಸವರಿಬಿಡುತ್ತಾರೆ.